ಕಳ್ಳನಿಗೆ ಹಾಕಿದ ಬೀಗ, ಸಿಕ್ಕಿಬಿದ್ದವರು ನಾವು

ಕಳೆದ ಆಟಿ ತಿಂಗಳ ಒಂದು ರಾತ್ರಿ, ಹತ್ತೂವರೆ ಗಂಟೆ. ಜಡಿಮಳೆ. ತೊಕ್ಕೊಟ್ಟು ಫ್ಲೈಓವರ್ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ಹಳೆ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಉಬ್ಬಸದಿಂದ ಏದುಸಿರು ಬಿಡುತ್ತಿದ್ದ ಅಮ್ಮ. ಅವರು ನಮ್ಮ ಬಳಗದ ಗೆಳತಿಯೊಬ್ಬಳ ತಾಯಿ. ಉಳ್ಳಾಲದಿಂದ ದೇರಳಕಟ್ಟೆಯ ಆಸ್ಪತ್ರೆಗೆ ಹೊರಟವರು. ನೀರು ತುಂಬಿದ ಹೊಂಡ ಕಾಣದೆ ಕಾರು ಇಳಿದು, ಎದುರಿನ ಎಡ ಟಯರಿನ ಬದಿ ಸೀಳಿತ್ತು.

ಸ್ಟೆಪ್ನಿ ಇತ್ತು, ಅದರಲ್ಲಿ ಗಾಳಿಯೂ ಇತ್ತು. ಜಾಕಿ ಇತ್ತು. ಗೆಳತಿಯ ಅಣ್ಣನಿಗೆ ಟಯರ್ ಬದಲಿಸಲು ಗೊತ್ತಿತ್ತು. ಐದು ಬೋಲ್ಟ್‌ಗಳಲ್ಲಿ ನಾಲ್ಕು ಬಿಚ್ಚಿದವು. ಐದನೆಯದ್ದಕ್ಕೆ ಸ್ಪ್ಯಾನರ್ ಕೂರಲೇ ಇಲ್ಲ. ಅದರ ತಲೆ ಆರು ಮೂಲೆಯದ್ದಲ್ಲ, ಉರುಟು. ನಡುವೆ ಹೂವಿನ ಎಸಳಿನಂತೆ ಎಂತದ್ದೋ ಕೊರೆದ ಗೆರೆ.

ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ ಪಂಕ್ಚರ್ ಅಂಗಡಿಯವರೊಬ್ಬರು ಬೈಕ್ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದರು. "ಎಂತ ಮಾರಾಯ್ರೆ, ಇದಕ್ಕೆ ಲಾಕ್ ಉಂಟಲ್ಲ! ಕೀ ಎಲ್ಲುಂಟು?" ಎಂದರು. ಗೆಳತಿಯ ಅಣ್ಣ ಪಾಪ, ಕಾರು ಸ್ಟಾರ್ಟ್ ಮಾಡುವ ಕೀಯನ್ನೇ ಎತ್ತಿ ತೋರಿಸಿದ. "ಅದಲ್ಲ ಅಣ್ಣ, ಚಕ್ರದ ಕೀ. ಅದಿಲ್ಲದಿದ್ರೆ ಈಗ ಎಂತ ಮಾಡ್ಲಿಕ್ಕೂ ಆಗುದಿಲ್ಲ."

ಅಮ್ಮ ಆಟೋದಲ್ಲಿ ಆಸ್ಪತ್ರೆಗೆ ಹೋದರು, ಗುಣವಾಗಿ ಮನೆಗೂ ಬಂದರು. ತೊಕ್ಕೊಟ್ಟು ಜಂಕ್ಷನ್ ಆದ್ದರಿಂದ ಆ ಹೊತ್ತಿಗೂ ಆಟೋ ಸಿಕ್ಕಿತು. ಇದೇ ಘಟನೆ ಮುಡಿಪಿನಾಚೆಯ ಒಳರಸ್ತೆಯಲ್ಲಿ ಆಗಿದ್ದರೆ? ಯೋಚಿಸಲೂ ಭಯವಾಗುತ್ತದೆ.

ಮರುದಿನ ಆ ಕಾರು ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ ಇದು: "ನಮಗೆ ಬಂದದ್ದೇ ಹಾಗೆ. ನೀವು ನೋಡಿಯೇ ತಗೊಂಡದ್ದಲ್ವಾ?"

ಆ ಮಾತಿಗೆ ನಮ್ಮ ಉತ್ತರ ಈ ಬರಹ. ನೇರವಾಗಿ ಹೇಳುತ್ತೇವೆ. ಚಕ್ರಕ್ಕೆ ಬೀಗ ಇರುವ ಕಾರನ್ನು ಅದರ ಕೀ ಕೊಡದೆ ಮಾರುವುದು ಅರ್ಧ ಕಾರು ಮಾರಿದ ಹಾಗೆ. ವಯಸ್ಸಾದ ಕಾರಿಗಂತೂ, ಅದು ನಮ್ಮ ಹಳ್ಳಿಯ ಅಂಗಳದಲ್ಲಿ ನಿಲ್ಲುವ ಕಾರಾದರೆ, ಈ ಬೀಗವೇ ಬೇಡ.

ಏನಿದು ಲಾಕ್ ಬೋಲ್ಟ್?

ನಮ್ಮೂರಿನ ಹೆಚ್ಚಿನ ಕಾರುಗಳು ಮಾರುತಿ, ಹ್ಯುಂಡೈ, ಟೊಯೋಟಾ. ಇವುಗಳಲ್ಲಿ ಚಕ್ರ ಕೂರುವ ಹಬ್‌ನಿಂದ ಸ್ಟಡ್ ಹೊರಗೆ ಚಾಚಿಕೊಂಡಿರುತ್ತದೆ. ಚಕ್ರವನ್ನು ಅದಕ್ಕೆ ತೂಗಿಸಿ ಮೇಲಿಂದ ನಟ್ ಬಿಗಿಯುತ್ತೇವೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಫಿಯಟ್‌ನಂಥ ಯುರೋಪಿನ ಕಂಪನಿಗಳ ಹಲವು ಕಾರುಗಳಲ್ಲಿ ಸ್ಟಡ್ ಇಲ್ಲ. ಬೋಲ್ಟ್ ಚಕ್ರದೊಳಗಿಂದ ಹಾದು ನೇರ ಹಬ್‌ಗೆ ತಿರುಗುತ್ತದೆ.

ನಟ್ ಇರಲಿ, ಬೋಲ್ಟ್ ಇರಲಿ, ಅಲಾಯ್ ಚಕ್ರ ದುಬಾರಿ ಮಾಲು. ಕಳ್ಳ ಒಯ್ಯಬಾರದೆಂದು ಕೆಲವು ಮಾದರಿಗಳಲ್ಲಿ ಪ್ರತಿ ಚಕ್ರಕ್ಕೆ ಒಂದರಂತೆ ಬೇರೆ ತಲೆಯ ಬೋಲ್ಟ್ ಹಾಕುತ್ತಾರೆ. ಕೆಲವರು ಕಾರು ಕೊಂಡ ಮೇಲೆ ಅಂಗಡಿಯಿಂದ ತಂದು ಹಾಕಿಸುತ್ತಾರೆ. ಅದನ್ನು ಬಿಚ್ಚಲು ಹೆಬ್ಬೆರಳಿನಷ್ಟು ಉದ್ದದ ಒಂದು ಕಬ್ಬಿಣದ ತುಂಡು ಬೇಕು. ಅದರ ಒಂದು ತುದಿ ಬೋಲ್ಟಿನ ಗೆರೆಗೆ ಸರಿಯಾಗಿ ಕೂರುತ್ತದೆ, ಇನ್ನೊಂದು ತುದಿಗೆ ಮಾಮೂಲಿ ವೀಲ್ ಸ್ಪ್ಯಾನರ್ ಹಾಕಬಹುದು. ಇದೇ ಕೀ. ಅದರ ಮೇಲೆ ಕೋಡ್ ಅಚ್ಚೊತ್ತಿರುತ್ತದೆ. ಇಡೀ ಕಾರಿಗೆ ಸಾಮಾನ್ಯವಾಗಿ ಕೊಡುವುದು ಅಂಥ ಒಂದೇ ಒಂದು ತುಂಡು.

ಲಕ್ಷಗಟ್ಟಲೆ ಬೆಲೆಯ ಕಾರು ರಸ್ತೆ ಬದಿಯಲ್ಲಿ ನಿಲ್ಲುವುದೋ ಚಲಿಸುವುದೋ ಎಂಬುದು ಈ ತುಂಡಿನ ಮೇಲೆ ನಿಂತಿದೆ. ಸ್ಟಾರ್ಟ್ ಮಾಡುವ ಕೀ ಎರಡು ಕೊಡುತ್ತಾರೆ. ಇದು ಮಾತ್ರ ಒಂದು. ಕಾರು ಕೊಡುವ ದಿನ ಹೂಮಾಲೆ ಹಾಕಿ ಫೋಟೋ ತೆಗೆಯುತ್ತಾರೆ, ಬ್ಲೂಟೂತ್ ಜೋಡಿಸಿಕೊಡುತ್ತಾರೆ. ಡಿಕ್ಕಿಯ ಮ್ಯಾಟ್ ಎತ್ತಿ "ನೋಡಿ, ಇದು ಚಕ್ರದ ಬೀಗದ ಕೀ, ಈ ಕೋಡ್ ಬರೆದಿಟ್ಟುಕೊಳ್ಳಿ" ಎಂದು ಹೇಳಿದವರನ್ನು ನಾವು ಕಂಡಿಲ್ಲ. ಕಂಪನಿಯ ಪುಸ್ತಕದಲ್ಲಿ ಬರೆದಿದೆ ಎನ್ನುತ್ತಾರೆ. ಹೌದು, ಬರೆದಿದೆ, ಇಂಗ್ಲಿಷಿನಲ್ಲಿ, ನೂರಾರು ಪುಟಗಳ ನಡುವೆ.

ಕೀ ಕಳೆದುಹೋಗುವುದು ಎಲ್ಲಿ?

ಮಾಲೀಕನ ಕೈಯಲ್ಲಿ ಕಳೆದುಹೋಗುವುದು ಕಡಿಮೆ, ಯಾಕೆಂದರೆ ಅದು ಇದೆ ಎಂದೇ ಅವನಿಗೆ ಗೊತ್ತಿರುವುದಿಲ್ಲ. ಕಳೆಯುವುದು ಕಾರು ಕೈ ಬದಲಿಸುವ ಜಾಗಗಳಲ್ಲಿ.

ಮೊದಲನೆಯದು ಸರ್ವಿಸ್ ಮಾಡುವಲ್ಲಿ. ಮೆಕ್ಯಾನಿಕ್ ಕೀಯನ್ನು ಏರ್ ಗನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಬೋಲ್ಟ್ ಬಿಚ್ಚುತ್ತಾನೆ. ಕೆಲಸ ಮುಗಿದಾಗ ಕೀ ಸಾಕೆಟ್ಟಿನೊಳಗೇ ಉಳಿಯುತ್ತದೆ, ಇಲ್ಲವೇ ಪಕ್ಕದ ಕಾರಿನ ಡಿಕ್ಕಿ ಸೇರುತ್ತದೆ. ಏರ್ ಗನ್ನಿನ ಹೊಡೆತಕ್ಕೆ ಕೀಯ ಎಸಳು ಮುರಿಯುವುದೂ ಉಂಟು. ಮುರಿದ ಕೀಯನ್ನು ಸದ್ದಿಲ್ಲದೆ ಟೂಲ್ ಕಿಟ್‌ನಲ್ಲಿಟ್ಟು ಕಳುಹಿಸಿದರೆ, ಎರಡು ವರ್ಷದ ಮೇಲೆ ಯಾವುದೋ ನಡುರಾತ್ರಿ ನಿಮಗೆ ಗೊತ್ತಾಗುತ್ತದೆ.

ಎರಡನೆಯದು ಹಳೆ ಕಾರಿನ ವ್ಯಾಪಾರದಲ್ಲಿ. ನಮ್ಮ ಗಡಿನಾಡಿನಲ್ಲಿ ಒಂದು ಕಾರು ಎಷ್ಟು ಕೈ ದಾಟುತ್ತದೆ ನೋಡಿ. ಊರಿಗೆ ರಜೆಯಲ್ಲಿ ಬಂದ ಗಲ್ಫ್‌ನವರು ಕೊಳ್ಳುತ್ತಾರೆ, ವಾಪಸು ಹೋಗುವಾಗ ಭಾವನಿಗೆ ಬಿಟ್ಟು ಹೋಗುತ್ತಾರೆ. ಭಾವ ಬ್ರೋಕರಿಗೆ ಕೊಡುತ್ತಾನೆ. ಕೆಎಲ್ 14 ನಂಬರಿನ ಕಾರು ತಲಪಾಡಿ ದಾಟಿ ಬಂದು ಕೆಎ 19 ಆಗುತ್ತದೆ. ಪ್ರತಿ ಸಲವೂ ಆರ್‌ಸಿ, ಇನ್ಶೂರೆನ್ಸ್, ಎನ್‌ಒಸಿ ಎಂದು ಕಾಗದ ಜೋಪಾನವಾಗಿ ದಾಟುತ್ತದೆ. ಡಿಕ್ಕಿಯ ಅಡಿಯಲ್ಲಿರುವ ಕಬ್ಬಿಣದ ತುಂಡನ್ನು ಕೇಳುವವರಿಲ್ಲ. ವಾಟರ್ ವಾಶ್ ಮಾಡಿ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆದು, ಟಯರಿಗೆ ಕಪ್ಪು ಬಳಿಯುವಾಗ ಎಲ್ಲೋ ಒಂದು ಕಡೆ ಅದು ಗುಜರಿ ಸೇರುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. "ನಾವು ಪೂರ್ತಿ ಚೆಕ್ ಮಾಡಿದ ಕಾರು" ಎಂದು ಮಾರುವವರು ಹೇಳುತ್ತಾರಲ್ಲ, ಕೀ ಇಲ್ಲದ ಕಾರಿನ ವಿಷಯದಲ್ಲಿ ಆ ಮಾತನ್ನು ನಂಬಬೇಡಿ. ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸಬೇಕಾದರೆ ಚಕ್ರ ಕಳಚಬೇಕು. ಹಿಂದಿನ ಡ್ರಮ್ ಬಿಚ್ಚಿ ಲೈನರ್ ನೋಡಬೇಕಾದರೂ ಚಕ್ರ ಕಳಚಬೇಕು. ಟಯರನ್ನು ಹಿಂದೆ ಮುಂದೆ ಬದಲಿಸುವುದಕ್ಕೂ ಅಷ್ಟೆ. ಕೀ ಇಲ್ಲ ಎಂದರೆ ಆ ಚಕ್ರ ಇವರಲ್ಲಿ ಕಳಚಿಲ್ಲ. ಹಾಗಾದರೆ ಬ್ರೇಕ್ ನೋಡಿದ್ದು ಯಾರು? ಯಾವಾಗ? ಕೀ ಇಲ್ಲದಿರುವುದು ಸಣ್ಣ ಕೊರತೆಯಂತೆ ಕಂಡರೂ, ಆ ಕಾರಿನ ಆರೈಕೆಯಲ್ಲಿ ದೊಡ್ಡ ಬಿರುಕಿದೆ ಎಂಬುದಕ್ಕೆ ಅದು ಸಾಕ್ಷಿ.

"ಕಳ್ಳರ ಕಾಟ ಇಲ್ಲವೇ?" ಎನ್ನುವವರಿಗೆ

ಇದೆ. ದೊಡ್ಡ ಪಟ್ಟಣಗಳಲ್ಲಿ ರಾತ್ರಿ ಬೀದಿಯಲ್ಲಿ ನಿಲ್ಲಿಸಿದ ಹೊಸ ಕಾರು ಬೆಳಗ್ಗೆ ಇಟ್ಟಿಗೆಯ ಮೇಲೆ ಕುಳಿತಿರುವ ಚಿತ್ರಗಳನ್ನು ನಾವೂ ನೋಡಿದ್ದೇವೆ. ಅಂಥವರು ಬೀಗ ಇಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ. ಬೀಗ ಕಂಡು ಅವಸರದ ಕಳ್ಳ ಮುಂದಿನ ಕಾರಿಗೆ ಹೋಗಬಹುದು.

ಆದರೆ ಕಸುಬಿನ ಕಳ್ಳನಿಗೆ ಇದು ತಡೆಯಲ್ಲ. ಬೀಗದ ಗೆರೆಗಳಲ್ಲಿ ಸಾವಿರಾರು ಬಗೆಯಿಲ್ಲ. ಒಂದೊಂದು ಕಂಪನಿಯ ಕಾರುಗಳಿಗೆ ಇಪ್ಪತ್ತು ಬಗೆಯ ಕೀಗಳ ಪೆಟ್ಟಿಗೆ ಆನ್‌ಲೈನ್‌ನಲ್ಲೇ ಮಾರಾಟಕ್ಕಿದೆ. ಕಳ್ಳ ಅದನ್ನು ಒಮ್ಮೆ ಕೊಂಡರೆ ಸಾಕು. ನೀವು ಮಾತ್ರ ಮಳೆಯಲ್ಲಿ ನೆನೆಯುತ್ತ ಆ ಒಂದು ತುಂಡನ್ನು ಹುಡುಕಬೇಕು. ಬೀಗ ಕಳ್ಳನಿಗಿಂತ ಮಾಲೀಕನಿಗೆ ಹೆಚ್ಚು ತೊಂದರೆ ಕೊಟ್ಟರೆ, ಅದನ್ನು ಭದ್ರತೆ ಎನ್ನುವುದು ಹೇಗೆ?

ನಮ್ಮ ಊರುಗಳ ಸ್ಥಿತಿ ನೋಡಿ. ಪಾವೂರು, ಹರೇಕಳ, ಬಾಳೆಪುಣಿ ಕಡೆಯ ಹಳೆ ಕಾರು ನಿಲ್ಲುವುದು ಮನೆಯ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದ ಪಕ್ಕ, ನಾಯಿಯ ಕಾವಲಿನಲ್ಲಿ. ಹನ್ನೆರಡು ವರ್ಷದ ಕಾರಿನ ಗೀರುಬಿದ್ದ ಅಲಾಯ್ ಚಕ್ರ ಕದಿಯಲು ಯಾರೂ ಅಷ್ಟು ದೂರ ಬರುವುದಿಲ್ಲ. ಆದರೆ ಅದೇ ಕಾರು ಬಸುರಿಯನ್ನು, ಡಯಾಲಿಸಿಸ್‌ಗೆ ಹೋಗುವವರನ್ನು, ಹಾವು ಕಚ್ಚಿದವರನ್ನು ಕರೆದುಕೊಂಡು ತೊಕ್ಕೊಟ್ಟು, ದೇರಳಕಟ್ಟೆ, ಮಂಗಳೂರಿನ ದಾರಿ ಹಿಡಿಯುತ್ತದೆ. ಮಂಜೇಶ್ವರ, ಕಾಸರಗೋಡಿನವರಿಗೂ ದೊಡ್ಡ ಆಸ್ಪತ್ರೆ ಎಂದರೆ ಈ ಕಡೆಯೇ. ನಮಗೆ ಚಕ್ರ ಕಳ್ಳತನದ ಭಯಕ್ಕಿಂತ ಚಕ್ರ ಬಿಚ್ಚಲಾಗದ ಭಯವೇ ದೊಡ್ಡದಾಗಬೇಕು.

ಇನ್ನೊಂದು ವೈರಿ ನಮ್ಮ ಕಡಲ ಗಾಳಿ. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ. ವರ್ಷಗಟ್ಟಲೆ ಬಿಚ್ಚದ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬೀಗದ ಬೋಲ್ಟಿನ ಗೆರೆಗಳಲ್ಲಿ ಕೆಸರು ಗಟ್ಟಿಯಾಗುತ್ತದೆ. ಕೀ ಇದ್ದರೂ ಅದು ಪೂರ್ತಿ ಒಳಗೆ ಕೂರುವುದಿಲ್ಲ. ಅರ್ಧ ಕೂತ ಕೀಯನ್ನು ಕಾಲಲ್ಲಿ ಮೆಟ್ಟಿ ತಿರುಗಿಸಿದರೆ ಎಸಳು ಮುರಿಯುತ್ತದೆ. ಆಮೇಲೆ ಕೀ ಇದ್ದೂ ಇಲ್ಲದ ಹಾಗೆ.

ಕೀ ಇಲ್ಲದೆ ಬಿಚ್ಚುವುದೆಂದರೆ

ಗೆಳತಿಯ ಮನೆಯ ಕಾರು ಮೂರು ದಿನ ರಸ್ತೆ ಬದಿಯಲ್ಲೇ ಇತ್ತು. ಕೊನೆಗೆ ಗ್ಯಾರೇಜಿನವರೊಬ್ಬರು ಬಂದು, ಬೋಲ್ಟಿನ ತಲೆಗಿಂತ ಸ್ವಲ್ಪ ಸಣ್ಣ ಅಳತೆಯ ಹಳೆ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಉದ್ದದ ಪೈಪ್ ಹಾಕಿ ತಿರುಗಿಸಿದರು. ಮೂರು ಚಕ್ರದ್ದು ಬಂತು. ನಾಲ್ಕನೆಯದ್ದಕ್ಕೆ ವೆಲ್ಡಿಂಗ್ ಬೇಕಾಯಿತು. ಅಲಾಯ್ ಅಂಚು ಕೆತ್ತಿಹೋಯಿತು. ಬೋಲ್ಟ್ ಬಿಚ್ಚಿದ ಖರ್ಚು ಹೊಸ ಟಯರಿನ ಖರ್ಚಿನ ಹತ್ತಿರಕ್ಕೆ ಬಂತು.

ಕೆಲವು ಬೀಗಗಳಿಗೆ ಹೊರಗೆ ಸುಮ್ಮನೆ ತಿರುಗುವ ಉಂಗುರ ಇರುತ್ತದೆ. ಅವುಗಳ ಮೇಲೆ ಸಾಕೆಟ್ ಬಡಿದರೂ ಉಂಗುರ ಮಾತ್ರ ತಿರುಗುತ್ತದೆ. ಆಗ ಎದುರು ಮರೆಯ ವಿಶೇಷ ಸಾಕೆಟ್ ಬೇಕು, ಅಥವಾ ಡ್ರಿಲ್ ಮಾಡಬೇಕು. ಡ್ರಿಲ್ ಕೈತಪ್ಪಿದರೆ ಹಬ್ಬಿನ ಮರೆಯೂ ಹಾಳು. ಇದು ರಸ್ತೆ ಬದಿಯಲ್ಲಿ ಮಾಡುವ ಕೆಲಸವಲ್ಲ.

ಬ್ರಿಟನ್ನಿನಲ್ಲೂ ಇದೇ ಗೋಳು. ಅಲ್ಲಿ ಬೀಗದ ಬೋಲ್ಟ್, ನಟ್ ಬಿಚ್ಚುವುದನ್ನೇ ಕಸುಬು ಮಾಡಿಕೊಂಡು ಮನೆಬಾಗಿಲಿಗೆ ಬರುವ ಮೆಕ್ಯಾನಿಕ್‌ಗಳಿದ್ದಾರೆ. ನಮಗೆ ಅಂಥ ಸೇವೆ ಎಲ್ಲಿದೆ? ನಮ್ಮ ಪಂಕ್ಚರ್ ಅಂಗಡಿಯವರ ಬಳಿ ಇರುವುದು 17, 19, 21ರ ಸಾಕೆಟ್. ಅವರನ್ನು ಬೈದು ಪ್ರಯೋಜನವಿಲ್ಲ. ಆ ರಾತ್ರಿ ಬೈಕ್ ನಿಲ್ಲಿಸಿದ್ದು ಅವರೊಬ್ಬರೇ.

ನಮ್ಮ ಒತ್ತಾಯ

ಹಳೆ ಕಾರು ಮಾರುವವರಿಗೆ: ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಅದರ ಪ್ರಕಾರ ಹಳೆ ವಾಹನಗಳ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ಅಧಿಕಾರಪತ್ರ ಗೋಡೆಗೆ ತೂಗುಹಾಕಿದರೆ ಸಾಲದು. ಮಾರುವ ಪ್ರತಿ ಕಾರಿನ ಜೊತೆ ಜಾಕಿ, ಸ್ಪ್ಯಾನರ್, ಸ್ಟೆಪ್ನಿ, ಚಕ್ರದ ಬೀಗದ ಕೀ ಇದೆ ಎಂದು ಬರೆದು ಸಹಿ ಹಾಕಿ ಕೊಡಿ. ಕೀ ಇಲ್ಲವೇ? ನಿಮ್ಮ ಖರ್ಚಿನಲ್ಲಿ ನಾಲ್ಕೂ ಬೋಲ್ಟ್ ತೆಗೆಸಿ ಮಾಮೂಲಿ ಬೋಲ್ಟ್ ಹಾಕಿಸಿ ಮಾರಿ. "ಬಂದದ್ದೇ ಹಾಗೆ" ಎಂಬುದು ವ್ಯಾಪಾರಿಯ ಮಾತಲ್ಲ.

ಸರ್ವಿಸ್ ಮಾಡುವವರಿಗೆ: ಕಾರು ಒಳಗೆ ಬರುವಾಗ ಜಾಬ್ ಕಾರ್ಡಿನಲ್ಲಿ ಪೆಟ್ರೋಲ್ ಎಷ್ಟಿದೆ, ಗೀರು ಎಲ್ಲಿದೆ ಎಂದು ಬರೆಯುತ್ತೀರಿ. ಕೀ ಇದೆ ಎಂದೂ ಬರೆಯಿರಿ. ಹೊರಗೆ ಹೋಗುವಾಗ ಮಾಲೀಕರ ಕೈಗೆ ತೋರಿಸಿ. ಬೀಗದ ಬೋಲ್ಟಿಗೆ ಏರ್ ಗನ್ ಹಾಕಬೇಡಿ, ಕೈಯಲ್ಲಿ ಬಿಚ್ಚಿ.

ಕಂಪನಿಗಳಿಗೆ: ಎರಡು ಕೀ ಕೊಡಿ. ಕಾರು ಹಸ್ತಾಂತರಿಸುವ ದಿನ ಕನ್ನಡದಲ್ಲಿ ಹೇಳಿ ಕೊಡಿ. ಮಾದರಿ ನಿಂತುಹೋದ ಮೇಲೂ ಕೀ ಸಿಗುವಂತೆ ನೋಡಿಕೊಳ್ಳಿ. ಫಿಯಟ್ ಕಾರುಗಳು ಭಾರತದಲ್ಲಿ ಬಂದ್ ಆಗಿ ವರ್ಷಗಳಾದವು. 2010ರಲ್ಲಿ ಇಲ್ಲಿಗೆ ಬಂದ ಪೋಲೊ 2022ರಲ್ಲಿ ನಿಂತಿತು. ಕಾರುಗಳು ಮಾತ್ರ ನಮ್ಮ ರಸ್ತೆಯಲ್ಲಿ ಓಡುತ್ತಲೇ ಇವೆ.

ತೊಕ್ಕೊಟ್ಟಿನ ಟಯರ್ ಅಂಗಡಿ, ಗ್ಯಾರೇಜಿನವರಿಗೆ: ಇದು ಒತ್ತಾಯವಲ್ಲ, ಕೋರಿಕೆ. ಹತ್ತು ಮಂದಿ ಸೇರಿ ಆ ಕೀಗಳ ಒಂದು ಪೆಟ್ಟಿಗೆ, ಎದುರು ಮರೆಯ ಒಂದು ಸಾಕೆಟ್ ಸೆಟ್ ತರಿಸಿ ಜಂಕ್ಷನ್ನಿನಲ್ಲಿ ಒಂದು ಕಡೆ ಇಡಿ. ಆರ್‌ಸಿ ನೋಡಿ, ಪುಸ್ತಕದಲ್ಲಿ ಹೆಸರು ಬರೆಸಿಕೊಂಡು, ಬಾಡಿಗೆ ತೆಗೆದುಕೊಂಡೇ ಬಿಚ್ಚಿಕೊಡಿ. ಕೊಣಾಜೆಯಿಂದ ತಲಪಾಡಿಯವರೆಗೆ ಜನ ನಿಮ್ಮ ಹೆಸರು ಹೇಳುತ್ತಾರೆ.

ನಮ್ಮ ಪಾಲಿನ ಕೆಲಸ

ಬೇರೆಯವರನ್ನು ಬೈದು ಮುಗಿಸುವುದು ಸುಲಭ. ಹಳೆ ಕಾರು ಕೊಳ್ಳುವಾಗ ನಾವು ಬಾನೆಟ್ ಎತ್ತುತ್ತೇವೆ, ಎಸಿ ಹಾಕುತ್ತೇವೆ, ಸ್ಟೀರಿಯೋ ಜೋರು ಮಾಡುತ್ತೇವೆ. ಡಿಕ್ಕಿಯ ಮ್ಯಾಟ್ ಎತ್ತುವುದಿಲ್ಲ. ಆದ್ದರಿಂದ ನಾವೂ ತಪ್ಪಿತಸ್ಥರೇ. ಇದನ್ನು ಓದಿದ ಮೇಲೆ ಇಷ್ಟು ಮಾಡಿ.

ಒಂದು, ಇವತ್ತೇ ನಾಲ್ಕೂ ಚಕ್ರ ನೋಡಿ. ಬೋಲ್ಟ್ ಮೇಲೆ ಪ್ಲಾಸ್ಟಿಕ್ ಟೋಪಿ ಇದ್ದರೆ ತೆಗೆದು ನೋಡಿ. ಬೇರೆ ತಲೆಯದ್ದು ಒಂದಿದ್ದರೆ ಅದೇ ಬೀಗ. ಡಿಕ್ಕಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಸೀಟಿನ ಅಡಿ ಹುಡುಕಿ ಕೀ ಪತ್ತೆ ಮಾಡಿ.

ಎರಡು, ಕೀ ಸಿಕ್ಕಿದರೆ ಅದರ ಮೇಲಿನ ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಕಾರಿನೊಳಗೆ ಮಾತ್ರ ಬರೆದಿಡಬೇಡಿ. ಕೀ ಕಳೆದರೂ ಕೋಡ್ ಇದ್ದರೆ ಡೀಲರ್ ಮೂಲಕ ಹೊಸದು ತರಿಸಬಹುದು.

ಮೂರು, ಮಳೆಗಾಲಕ್ಕೆ ಮುಂಚೆ ಒಂದು ಹಗಲು ಅಂಗಳದಲ್ಲೇ ನಾಲ್ಕೂ ಬೀಗ ಬಿಚ್ಚಿ ನೋಡಿ. ಮೊದಲು ಗೆರೆಯಲ್ಲಿನ ಕೆಸರು ತೆಗೆದು, ಕೀ ಪೂರ್ತಿ ಕೂತಿದೆಯೇ ನೋಡಿ, ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಒಮ್ಮೆಗೆ ಒಂದೇ ಚಕ್ರ. ಮರೆಯನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಬಿಗಿತದ ಲೆಕ್ಕ ತಪ್ಪುತ್ತದೆ. ಪೋಲೊದಂಥ ಕಾರಿಗೆ ಹೇಳಿರುವ ಬಿಗಿತ 120 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 12 ಕಿಲೋ ಭಾರ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯಬೇಕಿಲ್ಲ.

ನಾಲ್ಕು, ಕಾರು ಹಳತಾಗಿದ್ದರೆ, ಕೀ ಇರುವಾಗಲೇ ನಾಲ್ಕೂ ಬೀಗ ತೆಗೆಸಿ ಮಾಮೂಲಿ ಬೋಲ್ಟ್ ಹಾಕಿಸಿ. ಅಳತೆ, ಉದ್ದ, ಕೂರುವ ಜಾಗದ ಆಕಾರ ಮೂರೂ ಹೊಂದಬೇಕು. ಪೋಲೊದ ಬೋಲ್ಟಿನ ಕತ್ತು ಗೋಲಿಯಂತೆ ಉರುಟು. ಬೇರೆ ಹಲವು ಕಾರುಗಳದ್ದು ಇಳಿಜಾರು. ಒಂದರ ಬದಲು ಇನ್ನೊಂದು ಹಾಕಿದರೆ ಬಿಗಿದಂತೆ ಕಂಡರೂ ಓಡುವಾಗ ಸಡಿಲವಾಗುತ್ತದೆ. ಆದ್ದರಿಂದ ತಿಳಿದವರ ಕೈಯಲ್ಲೇ ಹಾಕಿಸಿ.

ಐದು, ಮುಂದಿನ ಬಾರಿ ಹಳೆ ಕಾರು ಕೊಳ್ಳುವಾಗ ಮುಂಗಡ ಕೊಡುವ ಮೊದಲು ಹೇಳಿ: "ಒಂದು ಚಕ್ರ ಬಿಚ್ಚಿ ತೋರಿಸಿ." ಹತ್ತು ನಿಮಿಷದ ಕೆಲಸ. ಹಿಂಜರಿದರೆ ಎದ್ದು ಬನ್ನಿ. ಕರಾರುಪತ್ರದಲ್ಲಿ ಕೀ ಕೊಟ್ಟಿದ್ದೇವೆ ಎಂದು ಒಂದು ಸಾಲು ಬರೆಸಿ. ಡೀಲರ್ ಬರೆದುಕೊಟ್ಟೂ ಮೋಸ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಾಯಿಮಾತಿಗಿಂತ ಆ ಒಂದು ಸಾಲಿಗೆ ಬೆಲೆ ಹೆಚ್ಚು.

ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ 1033, ಜೀವಕ್ಕೆ ಅಪಾಯ ಇದ್ದರೆ 112. ಇವೆರಡೂ ಫೋನಿನಲ್ಲಿರಲಿ. ಕಾರು ಬಿಟ್ಟು ಆಟೋ ಹಿಡಿಯಬೇಕಾದರೆ ಹಿಂಜರಿಯಬೇಡಿ.

ಗೆಳತಿಯ ಮನೆಯ ಕಾರಿನಲ್ಲಿ ಈಗ ಇಪ್ಪತ್ತೂ ಮಾಮೂಲಿ ಬೋಲ್ಟ್‌ಗಳು. ಎಲ್ಲದಕ್ಕೂ ಒಂದೇ ಸ್ಪ್ಯಾನರ್. ಹೊಂಡ ಅಲ್ಲೇ ಇದೆ, ಮಳೆ ಮತ್ತೆ ಬರುತ್ತದೆ, ಟಯರ್ ಮತ್ತೆ ಹರಿಯಬಹುದು. ಹರಿದರೆ ಬದಲಿಸಿಕೊಂಡು ಹೋಗುತ್ತಾರೆ. ನಿಮ್ಮ ಕಾರಿನ ಕೀ ಎಲ್ಲಿದೆ? ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಡಿಕ್ಕಿ ತೆರೆದು ನೋಡಿ.